ತಿರುಗಿ ಬಾರದ ಬಣ್ಣ

ನನ್ನ ಕೆಲಸ ಗಾಜಿನ ದಾರ ಸುಲಿಯುವುದು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಆಪ್ಟಿಕಲ್ ಫೈಬರ್ ಸೆನ್ಸರ್ ಮಾಡುತ್ತಿದ್ದೇನೆ. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಲ್ಲಿ ಕೆರೆದು, ಅದರಡಿಯ ತೆಳು ಪ್ಲಾಸ್ಟಿಕ್ ಪದರವಾದ ಕ್ಲ್ಯಾಡಿಂಗನ್ನು ಒಂದು ಗಳಿಗೆ ಜ್ವಾಲೆಗೆ ಹಿಡಿದು, ಅಸಿಟೋನ್ ಅದ್ದಿದ ಟಿಶ್ಯೂನಿಂದ ಒರೆಸಿದರೆ ಬರಿ ಗಾಜು ಉಳಿಯುತ್ತದೆ. 600 ಮೈಕ್ರಾನ್ ದಪ್ಪ, ಸುಲಿದ ಜಾಗ ಒಂದು ಸೆಂಟಿಮೀಟರ್. ಅದರ ಮೇಲೆ 50 ನ್ಯಾನೋಮೀಟರ್ ಚಿನ್ನ ಕೂರಿಸಬೇಕು. ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲಿಗೂ ಹೆಚ್ಚಿಲ್ಲ. ಇಷ್ಟು ತೆಳುವಾದರೆ ಚಿನ್ನ ಚಿನ್ನದ ಹಾಗಿರುವುದಿಲ್ಲ. ಜೊತೆಗೆ ಲೇಪಿಸಿದ ಗಾಜಿನ ಸ್ಲೈಡನ್ನು ಕಿಟಕಿಗೆ ಹಿಡಿದರೆ ಹಸಿರಾಗಿ ಕಾಣುತ್ತದೆ. ಅಮ್ಮನಿಗೆ ತೋರಿಸಿದಾಗ, "ಅಂಗಡಿಯವನು ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ" ಎಂದಳು.

ಈ ದಾರದ ಒಂದು ತುದಿಯಿಂದ ಬಿಳಿ ಬೆಳಕು ಬಿಡುತ್ತೇವೆ. ಅದು ಗಾಜಿನ ಗೋಡೆಗೆ ಬಡಿದು ಬಡಿದು ಮುಂದೆ ಸಾಗುತ್ತದೆ. ಬಡಿದಾಗಲೆಲ್ಲ ಅದರ ಅಂಶವೊಂದು ಗೋಡೆಯಾಚೆ ಚೂರು ಇಣುಕುತ್ತದೆ. ಅಲ್ಲಿ ಚಿನ್ನ ಇದ್ದರೆ, ಒಂದು ಬಣ್ಣಕ್ಕೆ ಮಾತ್ರ ಚಿನ್ನದ ಎಲೆಕ್ಟ್ರಾನುಗಳು ಒಟ್ಟಿಗೆ ತೂಗಾಡಿ ಅದನ್ನು ನುಂಗಿಬಿಡುತ್ತವೆ. ಇನ್ನೊಂದು ತುದಿಯಲ್ಲಿ ಉಳಿದ ಬಣ್ಣವೆಲ್ಲ ಬರುತ್ತದೆ, ಅದೊಂದು ಸೊರಗಿರುತ್ತದೆ. ಸ್ಪೆಕ್ಟ್ರೋಮೀಟರಿನ ಗೆರೆಯಲ್ಲಿ ಗುಂಡಿ ಬೀಳುತ್ತದೆ. ನೀರಿನಲ್ಲಿ ಅದ್ದಿದರೆ ಗುಂಡಿ 600 ನ್ಯಾನೋಮೀಟರಿನ ಆಸುಪಾಸು, ಕಿತ್ತಳೆ ಬಣ್ಣದ ಹತ್ತಿರ. ನೀರಿಗೆ ಸಕ್ಕರೆ ಹಾಕಿ, ಗುಂಡಿ ಕೆಂಪಿನ ಕಡೆಗೆ ಜರುಗುತ್ತದೆ. ಫೈಬರಿನ ಮೇಲೆ ಇದನ್ನು ಮೊದಲಿಗೆ ಮಾಡಿ ತೋರಿಸಿದವರು ಜಾರ್ಗೆನ್ಸನ್ ಮತ್ತು ಯೀ, 1993ರಲ್ಲಿ. ಆದರೆ ಮೂಲ ಒಗಟು 1902ರದು. ಲೋಹದ ಗ್ರೇಟಿಂಗಿನ ಮೇಲೆ ಬೆಳಕು ಹಾಯಿಸಿದ ಆರ್. ಡಬ್ಲ್ಯೂ. ವುಡ್‌ಗೆ, ಬೆಳಕು ಇರಬೇಕಾದ ಕಡೆ ಕಪ್ಪು ಪಟ್ಟೆ ಕಂಡಿತ್ತು. ಕಾರಣ ಅವರಿಗೂ ಹೊಳೆಯಲಿಲ್ಲ.

ಇದನ್ನೆಲ್ಲ ನಾನು ಒಮ್ಮೆ ಊರಿನಲ್ಲಿ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದು ತಾತನಿಗೆ ತೋರಿಸಿದೆ. ತಾತ ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರಾಗಿದ್ದವರು. ಧರ್ಮರಾಜಾಧ್ವರೀಂದ್ರರ 'ವೇದಾಂತಪರಿಭಾಷಾ' ಅವರ ಮಂಚದ ತಲೆದೆಸೆ ಬಿಟ್ಟು ಹೋದದ್ದೇ ಇಲ್ಲ. ಚಿತ್ರ ನೋಡಿ, "ಇದು ನಮ್ಮ ಕೆರೆ ತೂಬಲ್ಲವೇನಮ್ಮ!" ಎಂದರು. ಕೆರೆಯ ನೀರು ತೂಬಿನಿಂದ ಹೊರಟು, ಕಾಲುವೆ ಹಿಡಿದು ಗದ್ದೆಗೆ ಹೋಗಿ, ಗದ್ದೆ ಚೌಕವಾಗಿದ್ದರೆ ತಾನೂ ಚೌಕವಾಗುತ್ತದೆ. ಹಾಗೆ ಅಂತಃಕರಣ ಕಣ್ಣಿನ ಮೂಲಕ ಹೊರಟು ಗಡಿಗೆಯ ಆಕಾರ ತಾಳುತ್ತದೆ ಎಂದು ಆ ಪುಸ್ತಕದಲ್ಲಿದೆ. ನನಗೆ ಒಪ್ಪಿಗೆಯಾಗಲಿಲ್ಲ. ಗದ್ದೆಗೆ ಹೋದ ನೀರು ಕೆರೆಗೆ ಮರಳುವುದಿಲ್ಲ. ನನ್ನ ಬೆಳಕು ಹೊರಗೆ ಇಣುಕುವುದೇ ಕೆಲವು ನೂರು ನ್ಯಾನೋಮೀಟರ್. ಅಲ್ಲದೆ ನನಗೆ ಸುದ್ದಿ ಬರುವುದು ಮರಳಿದ ಬೆಳಕಿನಿಂದಲ್ಲ, ಮರಳದೆ ಹೋದದ್ದರಿಂದ.

"ಹಾಗಾದರೆ ಅನುಪಲಬ್ಧಿ" ಎಂದು ತಾತ ಎದ್ದು ಕುಳಿತರು. ಅದ್ವೈತಿಗಳ ಆರು ಪ್ರಮಾಣಗಳಲ್ಲಿ, ಅಂದರೆ ಅರಿವಿನ ಆರು ದಾರಿಗಳಲ್ಲಿ, ಕೊನೆಯದು, ಕಾಣದಿರುವುದರಿಂದಲೇ ಹುಟ್ಟುವ ಅರಿವು. ನೆಲದ ಮೇಲೆ ಗಡಿಗೆ ಇಲ್ಲ ಅಂತ ಹೇಗೆ ಗೊತ್ತು? ಗಡಿಗೆ ಕಾಣಲಿಲ್ಲ, ಅದರಿಂದ. ಇಷ್ಟಕ್ಕೆ ಎಷ್ಟು ಜಗಳ! ನ್ಯಾಯದರ್ಶನದ ನೈಯಾಯಿಕರಿಗೆ 'ಇಲ್ಲ'ವೂ ಕಣ್ಣಿಗೇ ಕಾಣುವಂಥದ್ದು. ಮಧ್ವಾಚಾರ್ಯರು ಮೂರೇ ಪ್ರಮಾಣ ಎಣಿಸಿ ಇದಕ್ಕೆ ಬೇರೆ ಮಣೆ ಹಾಕಲಿಲ್ಲ. ಪ್ರಾಭಾಕರ ಮೀಮಾಂಸಕರ ಮಾತೋ, 'ಇಲ್ಲ' ಎಂಬುದೊಂದು ವಸ್ತುವೇ ಅಲ್ಲ, ಬರಿ ನೆಲ ಅಷ್ಟೆ. ನಾನು ನೈಯಾಯಿಕರ ಪಕ್ಷ ಹಿಡಿದೆ: ಗುಂಡಿಯನ್ನು ಪರದೆಯ ಮೇಲೆ ಕಣ್ಣಾರೆ ಕಾಣುತ್ತೇನಲ್ಲ? "ನಿನಗೆ ಕಂಡದ್ದು ಗೆರೆ ಕಣಮ್ಮ. ಬೆಳಕು ಇಲ್ಲ ಅನ್ನೋದು ಗೆರೆಯಲ್ಲಿ ಎಲ್ಲಿದೆ?" ಎಂದರು. ಇದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ತಾತ ಒಂದು ಷರತ್ತು ಸೇರಿಸಿದರು, ಯೋಗ್ಯತೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಂತಿದ್ದಾಗ ಮಾತ್ರ ಕಾಣದಿರುವುದು ಪ್ರಮಾಣ.

ಆ ಮಾತು ನನಗೆ ತಟ್ಟಿದ್ದು ನನ್ನದೇ ತಪ್ಪಿನಿಂದ. ಒಮ್ಮೆ ಒಂದು ಕಂತಿನ ಏಳು ಫೈಬರ್‌ಗಳಲ್ಲಿ ಗುಂಡಿಯೇ ಬೀಳಲಿಲ್ಲ. ನೋಟ್‌ಬುಕ್ಕಿನಲ್ಲಿ 'ಲೇಪ ಇಲ್ಲ' ಎಂದು ಬರೆದು, ಕೋಟಿಂಗ್ ಮೆಷಿನ್ನನ್ನು ಬೈದು, ಎರಡು ದಿನ ಅದರ ಬೆನ್ನು ಹತ್ತಿದೆ. ಕೊನೆಗೆ ಮೈಕ್ರೋಸ್ಕೋಪಿನಲ್ಲಿಟ್ಟರೆ ಚಿನ್ನ ಥಳಥಳ. ಮರೆಮಾಡುವ ಟೇಪನ್ನು ನಾನು ಒಂದು ಸೆಂಟಿಮೀಟರ್ ಆಚೆಗೆ ಸುತ್ತಿಬಿಟ್ಟಿದ್ದೆ. ಚಿನ್ನ ಕೂತದ್ದು ಸುಲಿಯದ ಕ್ಲ್ಯಾಡಿಂಗಿನ ಮೇಲೆ. ಒಳಗೆ ಬೆಳಕಿತ್ತು, ಹೊರಗೆ ಚಿನ್ನವಿತ್ತು, ನಡುವೆ ಕೂದಲೆಳೆಯಷ್ಟು ಪ್ಲಾಸ್ಟಿಕ್. ಎರಡೂ ಮುಖ ನೋಡಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಇದನ್ನು ಹೇಳಿ, ತಾತ ಬಾಯಿ ತೆರೆಯುವ ಮೊದಲೇ ಎಚ್ಚರಿಸಿದೆ: "ದೇವರೂ ಹೀಗೇ, ನೀನು ಕವಚ ಸುಲಿದಿಲ್ಲ ಅಂತ ಮಾತ್ರ ಹೇಳಬೇಡಿ. ಆ ಮಾತನ್ನು ಹುಣಸೆಮರದ ದೆವ್ವವೂ ಹೇಳಬಹುದು." ನನ್ನ ಫೈಬರ್ ನೋಡಬಲ್ಲದೋ ಇಲ್ಲವೋ ಎಂದು ಪರೀಕ್ಷಿಸಲು ಸಕ್ಕರೆ ನೀರಿದೆ. ಅದರಲ್ಲಿ ಗುಂಡಿ ಬಿದ್ದರೆ ಫೈಬರ್ ಸರಿ. ದೇವರ ವಿಷಯದಲ್ಲಿ ಸಕ್ಕರೆ ನೀರು ಯಾವುದು?

ತಾತ ನಕ್ಕರು. "ನಿಜ, ಇಲ್ಲ. ಬ್ರಹ್ಮ ಕಣ್ಣಿಗೆ ಯೋಗ್ಯವಾದ ವಸ್ತುವೇ ಅಲ್ಲ. ಕಾಣಲಿಲ್ಲ ಅಂತ ನೀನು ಇಲ್ಲ ಅನ್ನೋ ಹಾಗಿಲ್ಲ. ಕಾಣಲಿಲ್ಲ ಅಂತ ನಾನು ಇದೆ ಅನ್ನೋ ಹಾಗೂ ಇಲ್ಲ. ಅದಕ್ಕೇ ನಾವು ಶ್ರುತಿಗೆ ಹೋಗೋದು." ಶ್ರುತಿಯ ಯೋಗ್ಯತೆಯನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಕಾಫಿ ಬಂತು, ಮಾತು ಕೊಬ್ಬರಿ ರೇಟಿಗೆ ಹೊರಳಿತು.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಗುಂಡಿ ಬೀಳದ ಫೈಬರ್‌ಗಳಿಗೆ ಎರಡು ಕಾಲಂ ಇವೆ. ಒಂದರ ತಲೆಯಲ್ಲಿ 'ಇಲ್ಲ', ಇನ್ನೊಂದರಲ್ಲಿ 'ಕಾಣಲಿಲ್ಲ'. ಎರಡನೆಯದೇ ಬೇಗ ತುಂಬುತ್ತದೆ.