ಅತಿಥಿಗೆ ಒಂದು ರಾತ್ರಿ, ನೆರೆಯವರಿಗೆ?

ಚೆನ್ನೈನ ಉತ್ತರ ತುದಿಯ ಎಣ್ಣೂರಿನಲ್ಲಿ ಬರ್ಮಾ ನಗರ ಎಂಬ ಬಡಾವಣೆಯಿದೆ. 1962ರಲ್ಲಿ ಜನರಲ್ ನೆ ವಿನ್ ಬರ್ಮಾದ ಅಧಿಕಾರ ಹಿಡಿದ. ಸುಮಾರು ಎರಡು ವರ್ಷಗಳಲ್ಲಿ ಅಂಗಡಿ, ಬ್ಯಾಂಕುಗಳೆಲ್ಲ ರಾಷ್ಟ್ರೀಕರಣವಾದವು, 1964ರಲ್ಲಿ ದೊಡ್ಡ ನೋಟುಗಳೂ ರದ್ದಾದವು. ತಲೆಮಾರುಗಳಿಂದ ಅಲ್ಲೇ ಬಾಳಿದ್ದ ತಮಿಳರು ಬರಿಗೈಯಲ್ಲಿ ಹಡಗು ಹತ್ತಿ ಮದ್ರಾಸಿಗೆ ಬಂದಿಳಿದರು. ಕಾಗದದ ಮೇಲೆ ಇವರು ಸ್ವದೇಶಕ್ಕೆ ಮರಳಿದವರು. ನಿಜದಲ್ಲಿ ಅವರ ಮಕ್ಕಳಲ್ಲಿ ಅನೇಕರು ಈ ಊರನ್ನು ಕಂಡದ್ದೇ ಆಗ. ಈಗ ಬೀಚ್ ರೈಲು ನಿಲ್ದಾಣದ ಎದುರಿನ ಬರ್ಮಾ ಬಜಾರಿನಲ್ಲಿ ಸಂಜೆ ಅತ್ತೋ ಎಂಬ ಬರ್ಮಾ ನೂಡಲ್ಸ್ ತಿನ್ನಲು ಮುತ್ತಿಕೊಳ್ಳುವ ಹುಡುಗರಿಗೆ ಅದು ಚೆನ್ನೈನದೇ ತಿಂಡಿ.

ಸಮುದ್ರ ದಾಟಿ ಬಂದ ಇನ್ನೊಂದು ಗುಂಪಿಗೆ ಈ ಭಾಗ್ಯ ಸಿಗಲಿಲ್ಲ. 1983ರ ಜುಲೈನ ತಮಿಳು-ವಿರೋಧಿ ಹಿಂಸೆಯ ನಂತರ ಲಂಕೆಯಿಂದ ಓಡಿಬಂದ ತಮಿಳರು ಎಣ್ಣೂರಿನಿಂದಾಚೆ ಗುಮ್ಮಿಡಿಪೂಂಡಿಯೂ ಸೇರಿ ತಮಿಳುನಾಡಿನ ಹಲವು ಶಿಬಿರಗಳಲ್ಲಿ ಇಂದಿಗೂ ಇದ್ದಾರೆ. ಅಲ್ಲೇ ಹುಟ್ಟಿದವರು ಅಲ್ಲೇ ಮದುವೆಯಾಗಿ ಮಕ್ಕಳನ್ನು ಹೆತ್ತಿದ್ದಾರೆ. ಭಾಷೆ ಅದೇ, ಮುರುಗನೂ ಅವನೇ, ಕಾಗದ ಮಾತ್ರ ಬೇರೆ.

2025ರ ಮೇ 19ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ದೀಪಾಂಕರ್ ದತ್ತಾ ಅವರ ಪೀಠ, ಎಲ್ಲ ಕಡೆಯ ವಿದೇಶಿಯರನ್ನು ಇರಿಸಿಕೊಳ್ಳಲು ಭಾರತವೇನು ಧರ್ಮಶಾಲೆಯಲ್ಲ ಎಂದಿತು. ಎದುರಿಗಿದ್ದದ್ದು ಸುಲಭದ ಪ್ರಕರಣವಲ್ಲ: ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯಡಿ ಶಿಕ್ಷೆಗೊಳಗಾಗಿದ್ದ ಲಂಕಾ ತಮಿಳರೊಬ್ಬರು ಗಡಿಪಾರು ತಪ್ಪಿಸಿಕೊಳ್ಳಲು ಕೋರ್ಟಿಗೆ ಹೋಗಿದ್ದರು. ಆದರೆ ಆ ಮಾತು ಪ್ರಕರಣವನ್ನು ಮೀರಿ ಹಬ್ಬಿತು. ಇಂಥ ಮಾತು ಕೇಳಿದಾಗ ನೊಂದವರು ಉತ್ತರವಾಗಿ ಎತ್ತಿಕೊಳ್ಳುವುದು ಅತಿಥಿಯೇ ದೇವರೆಂಬ ಉಪನಿಷತ್ತಿನ ಬೋಧೆಯನ್ನು.

ವಿಚಿತ್ರವೆಂದರೆ ಎರಡೂ ಕಡೆಯವರು ಒಂದೇ ನಂಬಿಕೆಯ ಮೇಲೆ ನಿಂತಿದ್ದಾರೆ. ಮನೆ ನಮ್ಮದು, ಬಂದವರು ಅವರು. ಬಾಗಿಲು ತೆರೆಯುವುದೂ ಮುಚ್ಚುವುದೂ ನಮ್ಮ ಕೈಯಲ್ಲಿದೆ. ಮನುಸ್ಮೃತಿಯಂತೂ ಅತಿಥಿಯೆಂದರೆ ಒಂದು ರಾತ್ರಿ ತಂಗುವವನು ಎಂದು ಲೆಕ್ಕವನ್ನೇ ಕೊಡುತ್ತದೆ. ಒಂದು ರಾತ್ರಿಯ ಧರ್ಮವನ್ನು ನಲವತ್ತು ವರ್ಷಕ್ಕೆ ಎಳೆದರೆ ಅದು ಹರಿಯದೆ ಇರುತ್ತದೆಯೇ? ಬೆಳಗಾದರೂ ಹೋಗದವನು, ಮಗಳನ್ನು ನಮ್ಮ ಮಗಳ ಶಾಲೆಗೇ ಸೇರಿಸಿದವನು ಅತಿಥಿಯಲ್ಲ, ನೆರೆಯವನು. ಅವನ ಬಗ್ಗೆ ಆತಿಥ್ಯದ ಶಾಸ್ತ್ರ ಹೆಚ್ಚೇನೂ ಹೇಳುವುದಿಲ್ಲ.

ಹೇಳುವ ಕಥೆಯೊಂದು ಕನ್ನಡದಲ್ಲೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣ ವಲಸಿಗರ ಊರು. ಸೌದೆ ಹೊರೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದವರೆಂದೂ ಮರುಳಶಂಕರದೇವರು ಆಫ್ಘನ್ ನೆಲದಿಂದ ಬಂದವರೆಂದೂ ಪ್ರತೀತಿ. ಶೂನ್ಯಸಂಪಾದನೆ ಹೇಳುವ ಪ್ರಕಾರ, ಈ ಮರುಳಶಂಕರದೇವರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿ ವರ್ಷಗಟ್ಟಲೆ ಇದ್ದರು. ಊಟಕ್ಕೆ ಕೊರತೆಯಿರಲಿಲ್ಲ, ಆದರೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಮಪ್ರಭು ಬಂದು ಗುರುತಿಸಿದ ಮೇಲೆಯೇ ಬಸವಣ್ಣನವರ ಕಣ್ಣಿಗೂ ಅವರು ಬಿದ್ದರು. ದಿನಕ್ಕೆ ಸಾವಿರಾರು ಜಂಗಮರಿಗೆ ಉಣಬಡಿಸಿದ ಮನೆಯ ಮೇಲೆ ಈ ಪ್ರಸಂಗ ಹೊರಿಸುವ ಆರೋಪ ಸಣ್ಣದಲ್ಲ: ದಾಸೋಹ ನಡೆದಿತ್ತು, ಪರಿಚಯ ನಡೆದಿರಲಿಲ್ಲ. ಮುಂದೆ ಕಲ್ಯಾಣದ ಅರಸರ ದಂಡು ಬೆನ್ನಟ್ಟಿದಾಗ ಶರಣರೇ ಉಳವಿಯತ್ತ ಓಡಿ ಆಶ್ರಯ ಅರಸಬೇಕಾಯಿತು.

ಪರಿಚಯವಿಲ್ಲದಿದ್ದರೆ ಏನಾಗುತ್ತದೆಂಬುದು 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕಂಡಿತು. ಅಕ್ರಮ ಬಾಂಗ್ಲಾದೇಶಿಗಳ ಶೆಡ್ಡುಗಳೆಂದು ಜೆಸಿಬಿ ಹರಿಸಲಾಯಿತು. ಅಲ್ಲಿದ್ದವರಲ್ಲಿ ಬಂಗಾಳ, ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು! ಸುತ್ತಲಿನ ಅಪಾರ್ಟ್‌ಮೆಂಟುಗಳ ಮನೆಗೆಲಸ, ಕಸ, ಕಾವಲು ನಡೆಯುತ್ತಿದ್ದದ್ದು ಇಂಥವರ ಕೈಯಿಂದಲೇ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ಕೊಟ್ಟಿತು.

ಹಾಗೆಂದು ಪರಿಚಯವಿದೆಯೆನ್ನುವ ನೆರೆಯವರ ಮಾತೇ ಪೌರತ್ವವಾಗಲಾರದು. ದೇಶವೆಂದಮೇಲೆ ಗಡಿ ಇರುತ್ತದೆ, ಯಾರು ಒಳಗೆಂದು ಕೇಳುವ ಹಕ್ಕು ಸರ್ಕಾರಕ್ಕಿದೆ. ಭಾರತದ ಕಾನೂನು ತಾನು ವಿದೇಶಿಯಲ್ಲವೆಂದು ಸಾಬೀತುಪಡಿಸುವ ಹೊರೆಯನ್ನು ಸಾಮಾನ್ಯವಾಗಿ ಸಂಶಯಕ್ಕೊಳಗಾದ ವ್ಯಕ್ತಿಯ ಮೇಲೆಯೇ ಹಾಕುತ್ತದೆ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಬಂದ ಹೊಸ ಕಾಯ್ದೆಯೂ ಅದನ್ನು ಇಳಿಸಿಲ್ಲ. ಆದರೆ ಹೊರೆ ಒಬ್ಬನ ಮೇಲಿದ್ದರೆ ಅವನು ಒಬ್ಬಂಟಿಯಾಗಿಯೇ ಹೊರಬೇಕೆಂದು ಯಾವ ಧರ್ಮವೂ ಹೇಳಿಲ್ಲ.

ಚೆನ್ನೈ ಅದನ್ನು ತನ್ನದೇ ರೀತಿಯಲ್ಲಿ ಹೇಳಿತ್ತು. ಲಂಕಾ ತಮಿಳರನ್ನು ಕೈಬಿಟ್ಟಿದ್ದ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ 2019ರ ಡಿಸೆಂಬರ್ 29ರಂದು ಬೆಸೆಂಟ್ ನಗರದಲ್ಲಿ ಕೆಲವರು ರಸ್ತೆಯ ಮೇಲೆ ಕೋಲಂ ಹಾಕಿದರು. ಪೊಲೀಸರು ಅವರನ್ನು ವಶಕ್ಕೆ ಪಡೆದರು. ಮರುದಿನ ಕರುಣಾನಿಧಿಯವರ ಗೋಪಾಲಪುರದ ಮನೆಯ ಮುಂದೆಯೂ ಅದೇ ಕೋಲಂ! ಲಕ್ಷ್ಮಿಯನ್ನು ಬರಮಾಡಿಕೊಳ್ಳುವ ರಂಗೋಲಿ ಪ್ರತಿಭಟನೆಯಾದದ್ದಕ್ಕೆ ಕೆಲವರು ಸಿಟ್ಟಾದರು. ಹೊಸ್ತಿಲಿನ ಪೂಜೆಗೆ ಹೊಸ್ತಿಲಾಚೆಯವರ ನೆನಪು ಬಂದರೆ ಅದರಲ್ಲಿ ಅಪಚಾರವೇನಿದೆ? 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ, 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ ವಿದೇಶಿಯರ ಹೊಸ ಕಾಯ್ದೆಯ ದಂಡನೆಯಿಂದ ವಿನಾಯಿತಿ ಕೊಟ್ಟಿತು. ಪೌರತ್ವ ಕೊಡಲಿಲ್ಲ.

ಅದೇ ಸೆಪ್ಟೆಂಬರ್ 30ರಂದು ಎಣ್ಣೂರಿನ ಹೊಸ ವಿದ್ಯುತ್ ಸ್ಥಾವರದ ಕಾಮಗಾರಿಯಲ್ಲಿ ಉಕ್ಕಿನ ಕಮಾನು ಕುಸಿದು ಒಂಬತ್ತು ವಲಸೆ ಕಾರ್ಮಿಕರು ಸತ್ತರು. ಹೆಚ್ಚಿನವರು ಅಸ್ಸಾಂ ಕಡೆಯವರು. ಆ ವರ್ಷವೇ ದೆಹಲಿ, ಗುರುಗ್ರಾಮಗಳಲ್ಲಿ ಬಂಗಾಳಿ ಮಾತನಾಡುವ ಕೂಲಿಗಳನ್ನು ತಪಾಸಣೆಗೆಂದು ಎತ್ತಿಕೊಂಡು ಹೋಗಲಾಗುತ್ತಿತ್ತು. ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ಅಟ್ಟಿದ ಬೀರಭೂಮದ ಗರ್ಭಿಣಿಯೊಬ್ಬರು ಡಿಸೆಂಬರಿನಲ್ಲಿ ಮಗನೊಂದಿಗೆ ವಾಪಸ್ ಬಂದದ್ದು, ಊರಿನಲ್ಲಿದ್ದ ತಂದೆ ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ. ಎಣ್ಣೂರಿನ ಕಾರ್ಮಿಕರ ಶೆಡ್ಡಿನಿಂದ ಒಬ್ಬನನ್ನು ಹಾಗೆ ಎತ್ತಿಕೊಂಡು ಹೋದರೆ, ಅವನ ಹೆಸರು ಹೇಳಿ ಠಾಣೆಗೆ ಹೋಗುವವರು ಗುತ್ತಿಗೆದಾರನ ಹೊರತು ಬೇರೆ ಯಾರಿದ್ದಾರೆ? ಬರ್ಮಾ ನಗರದವರಲ್ಲಿ ಒಬ್ಬರಾದರೂ ಇರಬಹುದು.