ಕುಸಿದ ಪೆಡಲ್ ಮತ್ತು ಪರಿಶೇಷಾನುಮಾನ

ಉಬ್ಬಿದ ಹೊಳೆಯನ್ನು ಕಂಡು ಮೇಲೆಲ್ಲೋ ಮಳೆಯಾಗಿದೆಯೆಂದು ತಿಳಿಯುವಂತೆ, ಕಾರ್ಯದಿಂದ ಕಾರಣವನ್ನು ಊಹಿಸುವುದನ್ನು ನ್ಯಾಯದರ್ಶನವು ಶೇಷವತ್ ಅನುಮಾನವೆನ್ನುತ್ತದೆ. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಮಾಸ್ಟರ್ ಸಿಲಿಂಡರಿನಿಂದ ಸ್ಲೇವ್ ಸಿಲಿಂಡರಿಗೆ ಸಾಗಿಸುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪೆಡಲ್ ಕುಸಿದರೆ, ಸೋರಿಕೆ, ಒಳಸೇರಿದ ಗಾಳಿ, ಸವೆದ ಸೀಲು ಇವೆಲ್ಲವೂ ಒಂದೇ ಲಕ್ಷಣವನ್ನು ತೋರುವುದರಿಂದ ಊಹೆಗೆ ಆಧಾರವಾದ ಹೇತುವು ಅನೈಕಾಂತಿಕವಾಗುತ್ತದೆ, ಎಂದರೆ ಒಂದೇ ನಿರ್ಣಯಕ್ಕೆ ಒಯ್ಯುವುದಿಲ್ಲ. ಆಗ ನ್ಯಾಯಸೂತ್ರಗಳ ಭಾಷ್ಯಕಾರನಾದ ವಾತ್ಸ್ಯಾಯನನು ಶೇಷವತ್ತಿಗೆ ಕೊಡುವ ಇನ್ನೊಂದು ಅರ್ಥವಾದ ಪರಿಶೇಷ, ಅಂದರೆ ಸಂಭವನೀಯ ಕಾರಣಗಳನ್ನು ಒಂದೊಂದಾಗಿ ನಿರಾಕರಿಸಿ ಉಳಿದುದನ್ನು ಒಪ್ಪುವ ಕ್ರಮ, ನೆರವಿಗೆ ಬರುತ್ತದೆ: ದ್ರವವು ಎಲ್ಲೂ ಹೊರಸೋರದೆ, ಗಾಳಿಯನ್ನು ತೆಗೆದ ಮೇಲೂ ಅದುಮಿ ಹಿಡಿದ ಪೆಡಲ್ ಮೆಲ್ಲನೆ ಇಳಿದರೆ, ಸಂಶಯವು ಮಾಸ್ಟರ್ ಸಿಲಿಂಡರಿನ ಒಳಸೀಲಿನ ಮೇಲೆ ನಿಲ್ಲುತ್ತದೆ. ಆದರೆ ಜ್ಞಾನದ ಪ್ರಾಮಾಣ್ಯವು ಸಫಲವಾದ ಪ್ರವೃತ್ತಿಯಿಂದ, ಅಂದರೆ ಫಲಿಸಿದ ಕ್ರಿಯೆಯಿಂದ, ತಿಳಿಯುತ್ತದೆಯೆನ್ನುವ ನೈಯಾಯಿಕರ ದೃಷ್ಟಿಯಲ್ಲಿ, ಸೀಲು ಬದಲಿಸಿ ಗೇರು ಸರಾಗವಾಗಿ ಬಿದ್ದಾಗಲೇ ಆ ಅನುಮಾನವು ದೃಢಪಡುತ್ತದೆ. ಹೀಗೆ ದುರಸ್ತಿಯು ತರ್ಕದ ಪರೀಕ್ಷೆಯೂ ಆಗುತ್ತದೆ.