ಇಂದಿನ ಧಮ್ಮ ಚಿಂತನೆ: ತಡೆದ ಮಾತು, ಎರಡನೆಯ ಬಾಣ



ಹುಬ್ಬಳ್ಳಿಯಿಂದ ಹೊರಟರೆ ಕುಂದಗೋಳ ಮೊದಲು ಬರುತ್ತದೆ, ಸಂಶಿ ಆಮೇಲೆ. ಕಾಲೇಜು ಓದುವಾಗ ನಾನು ಎಷ್ಟೋ ಸಲ ಸಂಶಿಗೆ ಟಿಕೀಟು ತೆಗೆಸಿ ಕುಂದಗೋಳದಲ್ಲಿ ಇಳಿದಿದ್ದೇನೆ. ನನಗೆ ತೊದಲು. 'ಕ' ಗಂಟಲಲ್ಲೇ ನಿಲ್ಲುತ್ತಿತ್ತು, 'ಸ' ಸಲೀಸಾಗಿ ಬರುತ್ತಿತ್ತು. ಕಂಡಕ್ಟರ್ "ಎಲ್ಲಿಗ್ರಿ?" ಅನ್ನುವ ಮೊದಲೇ ಎದೆ ಡವಗುಟ್ಟುತ್ತಿತ್ತು. ಹಿಂದಿನ ಸೀಟಿನವರು ನಗುತ್ತಾರೆ ಎಂಬ ಅಂಜಿಕೆಗೆ ಕೊಟ್ಟ ಹೆಚ್ಚಿನ ದುಡ್ಡು ಅದು.

ಊರಿನ ಹೆಸರನ್ನಾದರೂ ಬದಲಿಸಬಹುದು, ಸ್ವಂತ ಹೆಸರನ್ನು ಹೇಗೆ ಬದಲಿಸುವುದು? ತೊದಲುವ ಬಹಳ ಮಂದಿಗೆ ಎಲ್ಲಕ್ಕಿಂತ ಕಷ್ಟದ ಪದ ತಮ್ಮ ಹೆಸರೇ. ನಮ್ಮವರಿಗೆ ಈ ಕಷ್ಟ ಎರಡು ಪಟ್ಟು. ಹೆಸರು ಹೇಳಿ ಮುಗಿಸುವುದರೊಳಗೆ "ಯಾರ ಪೈಕಿ?" ಎಂಬ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ನಾಲಿಗೆ ತಡೆದದ್ದು ತೊದಲಿಗೋ ಆ ಪ್ರಶ್ನೆಗೋ ಎಂದು ಆಗ ನನಗೇ ತಿಳಿಯುತ್ತಿರಲಿಲ್ಲ.

ತೊದಲು ಅಂಜುಬುರುಕತನದಿಂದ ಹುಟ್ಟುವುದಲ್ಲ. ಹಿಂದಿನ ಜನ್ಮದ ಕರ್ಮವಂತೂ ಅಲ್ಲ. ಆ ಲೆಕ್ಕವನ್ನು ಬಾಬಾಸಾಹೇಬರೇ ಒಪ್ಪಲಿಲ್ಲ. ಸಾಮಾನ್ಯವಾಗಿ 2ರಿಂದ 5ನೇ ವಯಸ್ಸಿನೊಳಗೆ ಶುರುವಾಗುತ್ತದೆ, ಮಿದುಳು ಮಾತನ್ನು ಹೊಂದಿಸುವ ರೀತಿಗೆ ಸಂಬಂಧಿಸಿದ್ದು, ಮನೆತನದಲ್ಲಿ ಹರಿದು ಬರುವುದೂ ಉಂಟು. ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ. ನಮ್ಮಾಯಿ ನನ್ನ ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಳು. ಪ್ರೀತಿ ನಿಜ, ಗುಣ ಕಾಣಲಿಲ್ಲ.

ಆದರೆ ಇದ್ದ ತೊದಲನ್ನು ಅಂಜಿಕೆ ಬೆಳೆಸುತ್ತದೆ. ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಭಗವಾನ್ ಬುದ್ಧರು ಎರಡು ಬಾಣಗಳ ಮಾತು ಹೇಳುತ್ತಾರೆ. ದೇಹಕ್ಕೆ ತಾಗಿದ ನೋವು ಮೊದಲನೆಯದು, ಅದಕ್ಕಾಗಿ ಮನಸ್ಸು ಗೋಳಾಡುವುದು ಎರಡನೆಯದು. ತಡೆದ ಅಕ್ಷರ ಒಂದೆರಡು ಸೆಕೆಂಡಿನ ಬಾಣ. ಪದ ಬದಲಿಸುವುದು, ಫೋನ್ ಎತ್ತದಿರುವುದು, ಉತ್ತರ ಗೊತ್ತಿದ್ದೂ ಕ್ಲಾಸಿನಲ್ಲಿ ಕೈ ಎತ್ತದಿರುವುದು, ಇವೆಲ್ಲ ಎರಡನೆಯದು. ನಾನು ವರ್ಷಗಟ್ಟಲೆ ಹೊತ್ತು ತಿರುಗಿದ್ದು ಇದನ್ನೇ.

ವಿಹಾರದಲ್ಲಿ ಎಲ್ಲರೊಂದಿಗೆ ತ್ರಿಸರಣ, ಪಂಚಶೀಲ ಹೇಳುವಾಗ ಮಾತ್ರ ಒಂದಕ್ಷರವೂ ತಡೆಯುತ್ತಿರಲಿಲ್ಲ. ಪವಾಡವೇನಲ್ಲ. ದನಿಗೂಡಿಸಿ ಓದುವಾಗ, ಹಾಡುವಾಗ ತೊದಲು ಬಹುತೇಕ ಮಾಯವಾಗುತ್ತದೆ ಎಂಬುದು ವಾಕ್ ಚಿಕಿತ್ಸಕರು ಬಲ್ಲ ಸಂಗತಿ. ಆದರೆ ತಹಶೀಲ್ದಾರ್ ಕಚೇರಿಯಲ್ಲಿ ಕೂಡಿ ಹಾಡಲಾಗದು.

ನನಗೆ ನೆರವಾದದ್ದು ಮೊದಲೇ ಹೇಳಿಬಿಡುವ ರೂಢಿ: "ನನ್ನ ಮಾತು ತಡದು ಬರತಾವ್ರಿ, ಸ್ವಲ್ಪ ತಡೀರಿ." ಮುಚ್ಚಿಡಲು ಏನೂ ಉಳಿಯದಿದ್ದರೆ ಅಂಜಿಕೆಗೂ ಕೆಲಸ ಕಡಿಮೆ. ಆಮೇಲೆ ಮೆಲ್ಲಗೆ ಒಬ್ಬ ಗೆಳೆಯನ ಎದುರು, ಕಿರಾಣಿ ಅಂಗಡಿಯಲ್ಲಿ, ಕೊನೆಗೆ ಗ್ರಾಮಸಭೆಯಲ್ಲಿ ಮಾತಾಡಿದೆ. ಪದ ಬದಲಿಸುವುದನ್ನು ಬಿಟ್ಟೆ. ಈಗಲೂ 'ಕ' ತಡೆಯುತ್ತದೆ, ಆದರೆ ಟಿಕೀಟು ಕುಂದಗೋಳದ್ದೇ. ಮನೆಯಲ್ಲಿ ತೊದಲುವ ಮಗುವಿದ್ದರೆ ವಾಕ್ ಚಿಕಿತ್ಸಕರಿಗೆ ತೋರಿಸಲು ತಡಮಾಡಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ.

ಇಷ್ಟೆಲ್ಲ ತೊದಲುವವನ ಪಾಲು. ಕೇಳುವವರ ಪಾಲೇನು? ಸಮ್ಮಾವಾಚಾದಲ್ಲಿ ಬಿಡಬೇಕಾದದ್ದು ನಾಲ್ಕು: ಸುಳ್ಳು, ಚಾಡಿ, ಬಿರುನುಡಿ, ಹುರುಳಿಲ್ಲದ ಹರಟೆ. ನಿಧಾನವಾಗಿ ಬಂದ ಮಾತು ಆ ಪಟ್ಟಿಯಲ್ಲಿಲ್ಲ. ಆದರೂ ಯಾರಾದರೂ ತಡವರಿಸಿದ ಕೂಡಲೇ ಮಿಕ್ಕ ಪದವನ್ನು ನಾವೇ ಹೇಳಿ ಮುಗಿಸುತ್ತೇವೆ. ಉಪಕಾರ ಮಾಡಿದೆವು ಎಂದುಕೊಳ್ಳುತ್ತೇವೆ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಎರಡನೆಯ ಶೀಲ ಮಾತಿಗೂ ಸಲ್ಲುತ್ತದೆ ಎಂದು ನನ್ನ ಅನಿಸಿಕೆ. 1920ರ ಜನವರಿ 31ರಂದು ಬಾಬಾಸಾಹೇಬರು ತಮ್ಮ ಪತ್ರಿಕೆಗೆ 'ಮೂಕನಾಯಕ' ಎಂದು ಹೆಸರಿಟ್ಟಾಗ ಆ ಮೂಕರಿಗೆ ನಾಲಿಗೆ ಇರಲಿಲ್ಲವೇ? ಇತ್ತು. ನಿಂತು ಕೇಳುವವರಿರಲಿಲ್ಲ.

ನಮ್ಮ ಬಳಗಕ್ಕೆ 9ನೇ ತರಗತಿಯ ಹುಡುಗನೊಬ್ಬ ಬರುತ್ತಾನೆ. ಹೋದ ಭಾನುವಾರ ಪರಿಚಯ ಹೇಳಲು ಎದ್ದು ನಿಂತ. ಹೆಸರಿನ ಮೊದಲ ಅಕ್ಷರವೇ ಹೊರಡಲಿಲ್ಲ. ನನ್ನ ಪಕ್ಕದ ಕಾಕಾರಿಗೆ ಅವನ ಹೆಸರು ಗೊತ್ತಿತ್ತು, ತುಟಿ ಅಲುಗಿತು. ಅವರ ಕೈ ಮೆಲ್ಲಗೆ ಒತ್ತಿದೆ. ಎಲ್ಲರೂ ಕಾದೆವು. ಹುಡುಗ ಹೆಸರು ಹೇಳಿದ, ಅಪ್ಪನ ಹೆಸರನ್ನೂ ಸೇರಿಸಿ ಹೇಳಿ ಕುಳಿತ.